ಗ್ಲಾಡ್‌ಸ್ಟನ್ ಸಂಪುಟದಲ್ಲಿ ಯಾರ್ಯಾರಿದ್ದರು?

ಓದುಗರ ಪತ್ರದ ಸಾರಾಂಶ: ‘ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಸುಧಾರಣಾ ಸರ್ಕಾರದ ಬಗ್ಗೆ ಬಂದ ಲೇಖನದ ಪಕ್ಕದ ಚೌಕದಲ್ಲಿ ಗ್ಲಾಡ್‌ಸ್ಟನ್ನರ ಮೊದಲ ಸಂಪುಟದ 15 ಹೆಸರು ಕೊಟ್ಟಿದ್ದೀರಿ. ಅಲ್ಲಿ ಹಣಕಾಸು ರಾಬರ್ಟ್ ಲೋ ಅವರದು. ನನ್ನ ಹತ್ತಿರ ಇರುವ ಹಳೆಯ ಪಠ್ಯದಲ್ಲಿ ಹಣಕಾಸು ಸ್ವತಃ ಗ್ಲಾಡ್‌ಸ್ಟನ್ನರದು, ಲೋ ಗೃಹಮಂತ್ರಿ. ವಾಣಿಜ್ಯ ನಿಮ್ಮಲ್ಲಿ ಬ್ರೈಟ್, ಅಲ್ಲಿ ಫೋರ್ಟೆಸ್ಕ್ಯೂ. ರಿಪನ್ ಈ ಸಂಪುಟದಲ್ಲಿದ್ದರು ಎಂದು ಲೇಖನ ಹೇಳುತ್ತದೆ, ಚೌಕದಲ್ಲಿ ಆ ಹೆಸರೇ ಇಲ್ಲ. ಶಿಕ್ಷಣ ಕಾಯ್ದೆ ತಂದ ಫಾರ್ಸ್ಟರ್ ಕೂಡ ಇಲ್ಲ. ನನ್ನ ಹತ್ತಿರ ಪರೀಕ್ಷೆಗೆ ಓದಲು ಬರುವ ಹುಡುಗರು ಯಾವುದನ್ನು ಬರೆದುಕೊಳ್ಳಬೇಕು? ಜನರ ಸರ್ಕಾರ ಎಂದು ಕರೆದಿದ್ದೀರಿ, ಇಷ್ಟೊಂದು ಪ್ರಭುಗಳು ಏಕೆ? ನಮ್ಮ ಮೈಸೂರಿಗೂ ಈ ಪಟ್ಟಿಗೂ ಏನಾದರೂ ನಂಟುಂಟೇ?’
– ನಿವೃತ್ತ ಇತಿಹಾಸ ಉಪಾಧ್ಯಾಯರು, ತಿಪಟೂರು

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದ ಜೊತೆಗಿದ್ದ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಸ್ಕೇಲಿಟ್ಟು ಗೆರೆ ಎಳೆದು, ಎಡಕ್ಕೆ ನಮ್ಮ ಪಟ್ಟಿ, ಬಲಕ್ಕೆ ನಿಮ್ಮ ಪಠ್ಯದ ಪಟ್ಟಿ, ತಾಳೆಯಾಗದ ಕಡೆಯೆಲ್ಲ ಕೆಂಪು ಶಾಯಿಯ ಗುರುತು. ಎಣಿಸಿದರೆ ಕೆಂಪು ಗುರುತುಗಳೇ ಹೆಚ್ಚು. ತಪ್ಪು ನಮ್ಮದು. ಪಟ್ಟಿಯಲ್ಲಿದ್ದ ಹೆಸರುಗಳು ತಪ್ಪಲ್ಲ, ಆದರೆ ಅದು ಯಾವ ದಿನದ ಪಟ್ಟಿ ಎಂದು ಚೌಕದ ಮೇಲೆ ಬರೆಯದೇ ಹೋದೆವು. ಐದು ವರ್ಷಕ್ಕೂ ಮೀರಿ ನಡೆದ ಸರ್ಕಾರಕ್ಕೆ ದಿನಾಂಕವಿಲ್ಲದ ಪಟ್ಟಿ ಕೊಟ್ಟರೆ ಓದುವವರು ದಾರಿ ತಪ್ಪದೆ ಇನ್ನೇನು? ನಾವು ಅಚ್ಚು ಹಾಕಿದ್ದು 1868ರ ಡಿಸೆಂಬರ್‌ನ ಸಂಪುಟ. ನಿಮ್ಮ ಪಠ್ಯ ಕೊಟ್ಟಿರುವುದು 1873ರ ಆಗಸ್ಟ್‌ನ ಪುನಾರಚನೆಯ ನಂತರದ್ದು. ಎರಡೂ ಸರಿ.

ಹುಡುಗರಿಗೆ ಮೊದಲು 1868ರದ್ದನ್ನೇ ಬರೆಸಿ. ಗ್ಲಾಡ್‌ಸ್ಟನ್ ಪ್ರಧಾನಿ. ಹ್ಯಾದರ್ಲಿ ಲಾರ್ಡ್ ಚಾನ್ಸಲರ್ (ನ್ಯಾಯಾಂಗದ ಮುಖ್ಯಸ್ಥ), ಡಿ ಗ್ರೇ ಕೌನ್ಸಿಲ್ಲಿನ ಲಾರ್ಡ್ ಪ್ರೆಸಿಡೆಂಟ್ (ರಾಣಿಯ ಸಲಹಾ ಮಂಡಳಿಯ ಅಧ್ಯಕ್ಷ), ಕಿಂಬರ್ಲಿ ಪ್ರಿವಿ ಸೀಲ್ (ರಾಜಮುದ್ರೆಯ ಹೊಣೆ). ವಿದೇಶಾಂಗ ಕ್ಲಾರೆಂಡನ್, ವಸಾಹತು ಗ್ರ್ಯಾನ್‌ವಿಲ್, ಇಂಡಿಯಾ ಖಾತೆ ಆರ್ಗೈಲ್ ಡ್ಯೂಕ್. ಇನ್ನು ಜನರು ಆರಿಸಿದ ಕಾಮನ್ಸ್ ಸಭೆಯಿಂದ: ಹಣಕಾಸು ಲೋ, ಗೃಹ ಬ್ರೂಸ್, ಯುದ್ಧ ಕಾರ್ಡ್‌ವೆಲ್, ನೌಕಾಪಡೆ ಚೈಲ್ಡರ್ಸ್, ವಾಣಿಜ್ಯ ಬ್ರೈಟ್, ಐರ್ಲೆಂಡ್ ಫೋರ್ಟೆಸ್ಕ್ಯೂ, ಬಡವರ ಕಾನೂನು ಮಂಡಳಿ ಗೋಶೆನ್, ಅಂಚೆ ಹಾರ್ಟಿಂಗ್ಟನ್. ಒಟ್ಟು 15. ಹಾರ್ಟಿಂಗ್ಟನ್ ಮಾರ್ಕ್ವೆಸ್ ಅನ್ನಿಸಿಕೊಂಡರೂ ಅದು ಡೆವನ್‌ಶೈರ್ ಡ್ಯೂಕ್‌ನ ಹಿರಿಮಗನಿಗೆ ಗೌರವಕ್ಕೆ ಸಲ್ಲುವ ಹೆಸರು. ಅವರು ಕೂರುತ್ತಿದ್ದುದು ಕಾಮನ್ಸ್‌ನಲ್ಲೇ. ಹಾಗಾಗಿ ಪ್ರಭುಗಳು ಕೂರುವ ಲಾರ್ಡ್ಸ್ ಸಭೆಯವರು 6, ಕಾಮನ್ಸ್‌ನವರು 9. ನೀವು ಹಾರ್ಟಿಂಗ್ಟನ್ನರನ್ನು ಪ್ರಭುಗಳ ಲೆಕ್ಕಕ್ಕೆ ಸೇರಿಸಿ 7 ಎಂದು ಬರೆದಿದ್ದೀರಿ. ನಿಮ್ಮ ಹಾಳೆಯಲ್ಲಿ ತಿದ್ದಬೇಕಾದದ್ದು ಇದೊಂದೇ.

ಈ ಸಂಪುಟ ಹುಟ್ಟಿದ ಸಂದರ್ಭವನ್ನು ಸ್ವಲ್ಪ ಹೇಳಬೇಕು. 1867ರ ಸುಧಾರಣಾ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಮತದಾರರನ್ನು ಹತ್ತಿರಹತ್ತಿರ ಇಮ್ಮಡಿ ಮಾಡಿತ್ತು. ಪಟ್ಟಣದ ಕೈಕೆಲಸದವರಲ್ಲಿ ಬಹಳ ಮಂದಿಗೆ ಮೊದಲ ಸಲ ವೋಟು ಸಿಕ್ಕಿತ್ತು. ಮರುವರ್ಷದ ಚುನಾವಣೆಯಲ್ಲಿ ಗ್ಲಾಡ್‌ಸ್ಟನ್ನರ ಲಿಬರಲ್ಲರಿಗೆ ನೂರಕ್ಕೂ ಹೆಚ್ಚು ಸ್ಥಾನಗಳ ಬಹುಮತ ಬಂತು. ಆಗ ಪ್ರಧಾನಿಯಾಗಿದ್ದ, ಎದುರು ಪಕ್ಷವಾದ ಟೋರಿಗಳ ನಾಯಕ ಡಿಸ್ರೇಲಿ ಸಂಸತ್ತು ಸೇರುವವರೆಗೂ ಕಾಯದೆ ರಾಜೀನಾಮೆ ಕೊಟ್ಟರು. ಗ್ಲಾಡ್‌ಸ್ಟನ್ ಮಾತ್ರ ತಮ್ಮ ಲ್ಯಾಂಕಶೈರ್ ಕ್ಷೇತ್ರದಲ್ಲಿ ಸೋತು ಗ್ರಿನಿಚ್‌ನಿಂದ ಗೆದ್ದಿದ್ದರು. ರಾಣಿಯ ದೂತರು ಬರುತ್ತಿದ್ದಾರೆ ಎಂಬ ತಂತಿ ಅವರ ಮನೆಯಿದ್ದ ಹಾರ್ಡನ್‌ಗೆ ತಲುಪಿದಾಗ ಅವರು ತೋಳಂಗಿಯಲ್ಲಿ ನಿಂತು ಕೊಡಲಿಯಿಂದ ಮರ ಕಡಿಯುತ್ತಿದ್ದರು. ತಂತಿ ಓದಿ ಕೆಲಸ ಮುಂದುವರಿಸಿದರು. ಕೆಲವು ನಿಮಿಷ ಕಳೆದ ಮೇಲೆ ಕೊಡಲಿ ನಿಲ್ಲಿಸಿ, ಐರ್ಲೆಂಡನ್ನು ಶಾಂತಗೊಳಿಸುವುದೇ ನನ್ನ ಕೆಲಸ ಎಂದರು. ಪಕ್ಕದಲ್ಲಿ ಅವರ ಕೋಟು ಹಿಡಿದು ನಿಂತಿದ್ದವರು ಬರೆದಿಟ್ಟಿದ್ದರಿಂದ ಈ ಗಳಿಗೆ ನಮಗೆ ಉಳಿದಿದೆ.

ಪ್ರಭುಗಳು ಏಕೆ ಎಂಬ ನಿಮ್ಮ ಪ್ರಶ್ನೆ ನನಗೆ ತುಂಬ ಹಿಡಿಸಿತು. ಲಿಬರಲ್ ಪಕ್ಷ ಎಂಬ ಒಂದೇ ಹೆಸರಿನಡಿ ಆಗ ಮೂರು ಮನೆಯವರಿದ್ದರು. ತಲೆಮಾರುಗಳಿಂದ ಅಧಿಕಾರ ನಡೆಸಿದ್ದ ಜಮೀನ್ದಾರ ವಿಗ್‌ಗಳು, ಹಿಂದಿನ ಪ್ರಧಾನಿ ರಾಬರ್ಟ್ ಪೀಲ್‌ರನ್ನು ಹಿಂಬಾಲಿಸಿ ಟೋರಿ ಪಕ್ಷ ಬಿಟ್ಟು ಬಂದವರು, ತೀವ್ರ ಸುಧಾರಣೆ ಬಯಸಿದ ಉತ್ತರದ ಗಿರಣಿ ಊರುಗಳ ರಾಡಿಕಲ್ಲರು. ಗ್ಲಾಡ್‌ಸ್ಟನ್ ಮತ್ತು ಕಾರ್ಡ್‌ವೆಲ್ ಎರಡನೆಯ ಮನೆಯವರು, ಗ್ರ್ಯಾನ್‌ವಿಲ್, ಕ್ಲಾರೆಂಡನ್, ಹಾರ್ಟಿಂಗ್ಟನ್ ಮೊದಲನೆಯದರವರು, ಬ್ರೈಟ್ ಮೂರನೆಯದರವರು. ಒಂದೊಂದು ಖಾತೆಯೂ ಒಂದೊಂದು ಮನೆಗೆ ಕೊಟ್ಟ ಮಾತು. ಜೊತೆಗೆ ಆಗ ಲಾರ್ಡ್ಸ್ ಒಪ್ಪದೆ ಯಾವ ಕಾಯ್ದೆಯೂ ಆಗುತ್ತಿರಲಿಲ್ಲ, ಅಲ್ಲಿ ಸರ್ಕಾರದ ಪರ ಎದ್ದು ನಿಲ್ಲಲು ತೂಕದ ಜನ ಬೇಕಿತ್ತು. ಐರ್ಲೆಂಡಿನ ಬಹುಪಾಲು ಕ್ಯಾಥೊಲಿಕ್ ಜನರ ಮೇಲೆ ಸರ್ಕಾರಿ ಚರ್ಚಾಗಿ ಕುಳಿತಿದ್ದ ಪ್ರಾಟೆಸ್ಟೆಂಟ್ ಚರ್ಚಿನ ಆ ಸ್ಥಾನ ತೆಗೆದ 1869ರ ಕಾಯ್ದೆ ಅದೇ ಲಾರ್ಡ್ಸ್ ದಾಟಬೇಕಿತ್ತು, ದಾಟಿತು. ಪ್ರಭುಗಳನ್ನು ಕೂರಿಸಿಕೊಂಡರು ಎಂಬ ಕಾರಣಕ್ಕೆ ಈ ಸರ್ಕಾರವನ್ನು ತೂಗುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಗುಪ್ತ ಮತದಾನ, ಸೇನೆಯಲ್ಲಿ ಹುದ್ದೆ ದುಡ್ಡಿಗೆ ಮಾರುವ ಪದ್ಧತಿಯ ರದ್ದು, ಊರೂರಿಗೆ ಶಾಲೆ, ಎಲ್ಲವೂ ಇದೇ ಸಂಪುಟದ ಕಾಲದಲ್ಲಿ ಬಂದವು.

ಹೆಸರುಗಳ ಹಿಂದೆ ಎಷ್ಟು ಜಗ್ಗಾಟವಿತ್ತು ನೋಡಿ. ಕ್ಲಾರೆಂಡನ್ ವಿದೇಶಾಂಗಕ್ಕೆ ಬೇಡವೆಂದು ವಿಕ್ಟೋರಿಯಾ ರಾಣಿ ಪಟ್ಟು ಹಿಡಿದರು, ಗ್ಲಾಡ್‌ಸ್ಟನ್ ಬಗ್ಗಲಿಲ್ಲ. ಲೋ ಕಥೆ ಇನ್ನೂ ವಿಚಿತ್ರ. 1866ರಲ್ಲಿ ಗ್ಲಾಡ್‌ಸ್ಟನ್ ತಂದಿದ್ದ ಮತದಾನ ಮಸೂದೆಯನ್ನು ಸ್ವಂತ ಪಕ್ಷದಲ್ಲಿದ್ದುಕೊಂಡೇ ಮುಳುಗಿಸಿದವರ ಮುಂದಾಳು ಅವರು. ಎರಡೇ ವರ್ಷದಲ್ಲಿ ಅದೇ ಗ್ಲಾಡ್‌ಸ್ಟನ್ ಕರೆದು ಖಜಾನೆಯ ಕೀಲಿ ಕೈಗಿತ್ತರು.

ಬ್ರೈಟ್ ಬಗ್ಗೆ ಇನ್ನಷ್ಟು ಹೇಳದೆ ಮುಂದೆ ಹೋಗಲಾರೆ. ರಾಚ್‌ಡೇಲ್‌ನ ಹತ್ತಿಗಿರಣಿ ಮನೆತನದವರು, ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಯುದ್ಧವೇ ಪಾಪ ಎಂದು ನಂಬಿದವರು. ಗ್ಲಾಡ್‌ಸ್ಟನ್ ಅವರಿಗೆ ಮೊದಲು ಕೊಡಲು ಹೊರಟದ್ದು ಇಂಡಿಯಾ ಖಾತೆ. ಆ ಖಾತೆಯೆಂದರೆ ಸೈನ್ಯದ ಹೊಣೆಯೂ ಹೌದು, ಹಾಗಾಗಿ ಬ್ರೈಟ್ ಒಲ್ಲೆ ಎಂದರು. ಬಂದೂಕಿನ ಗೋಜಿಲ್ಲದ ವಾಣಿಜ್ಯ ಮಂಡಳಿ ಒಪ್ಪಿಕೊಂಡರು. ಮಂತ್ರಿಯಾಗುವವರು ರಾಣಿಯ ಮುಂದೆ ಮಂಡಿಯೂರಬೇಕಿತ್ತು. ಕ್ವೇಕರರು ಮನುಷ್ಯರ ಮುಂದೆ ಮಂಡಿಯೂರುವವರಲ್ಲ. ಬೇಕಿದ್ದರೆ ಅದನ್ನು ಬಿಡಬಹುದು ಎಂದು ರಾಣಿಯೇ ಹೇಳಿ ಕಳಿಸಿದರು. ಆಗಿನ ನಿಯಮದಂತೆ ಕಾಮನ್ಸ್ ಸದಸ್ಯರು ಮಂತ್ರಿಯಾದರೆ ಸ್ಥಾನ ಬಿಟ್ಟು ಮತ್ತೆ ಜನರಿಂದ ಆರಿಸಿಬರಬೇಕಿತ್ತು. ಬ್ರೈಟ್ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಮತದಾರರ ಮುಂದೆ ಬೈಬಲ್ಲಿನ ಶೂನೇಮಿನ ಹೆಂಗಸಿನ ಕಥೆ ಹೇಳಿದರು. ರಾಜನ ಹತ್ತಿರ ನಿನಗೇನಾದರೂ ಕೇಳಿಕೊಡಲೇ ಎಂದು ಪ್ರವಾದಿ ಕೇಳಿದರೆ, ನಾನು ನನ್ನ ಜನರ ನಡುವೆ ಇದ್ದೇನೆ, ಅಷ್ಟು ಸಾಕು ಎನ್ನುತ್ತಾಳೆ ಅವಳು. ತಮಗೂ ಅದೇ ಬೇಕಿತ್ತು ಎಂದರು ಬ್ರೈಟ್. ಅಧಿಕಾರ ಸಿಕ್ಕ ತಿಂಗಳಲ್ಲೇ ಆಡಿದ ಮಾತಿದು. ಇದನ್ನು ಯಾವಾಗ ನೆನೆದರೂ ನನಗೆ ಮನಸ್ಸು ಆರ್ದ್ರವಾಗುತ್ತದೆ.

ಈಗ ನಿಮ್ಮ ಕೆಂಪು ಗುರುತುಗಳಿಗೆ ಬರೋಣ. 1870ರ ಜೂನ್ 27ರಂದು ಕ್ಲಾರೆಂಡನ್ ತೀರಿಕೊಂಡರು. ಜುಲೈಯಲ್ಲಿ ವಿದೇಶಾಂಗಕ್ಕೆ ಗ್ರ್ಯಾನ್‌ವಿಲ್ ಬಂದರು. ಇಷ್ಟು ನಿರಾಳವಾದ ಕಾಲವನ್ನು ತಾನು ಕಂಡಿಲ್ಲ ಎಂದು ಕಚೇರಿಯ ಹಿರಿಯ ಅಧಿಕಾರಿ ಅವರಿಗೆ ಹೇಳಿದರು. ಅದೇ ತಿಂಗಳು ಫ್ರಾನ್ಸ್ ಮತ್ತು ಪ್ರಷ್ಯಾ ಯುದ್ಧಕ್ಕಿಳಿದವು. ಕಿಂಬರ್ಲಿ ವಸಾಹತಿಗೆ ಹೋದರು, ಪ್ರಿವಿ ಸೀಲ್‌ಗೆ ಹ್ಯಾಲಿಫ್ಯಾಕ್ಸ್ ಬಂದರು. ಇವರು ಬೇರೆ ಯಾರೂ ಅಲ್ಲ, 1854ರ ಶಿಕ್ಷಣ ನಿರೂಪದ ಚಾರ್ಲ್ಸ್ ವುಡ್. ‘ವುಡ್ಸ್ ಡಿಸ್ಪ್ಯಾಚ್’ ಎಂದು ಬಿ.ಎಡ್. ಓದಿದವರೆಲ್ಲ ಬಾಯಿಪಾಠ ಮಾಡಿದ್ದು ಇವರದ್ದನ್ನೇ.

ಫಾರ್ಸ್ಟರ್ ಸಂಪುಟಕ್ಕೆ ಬಂದದ್ದೂ ಅದೇ ಜುಲೈಯಲ್ಲಿ. ಮೊದಲಿನಿಂದಲೂ ಅವರು ಕೌನ್ಸಿಲ್ಲಿನಲ್ಲಿ ಶಿಕ್ಷಣದ ಕೆಲಸ ನೋಡುವ ಉಪಾಧ್ಯಕ್ಷರು, ಆದರೆ ಸಂಪುಟದ ಹೊರಗಿದ್ದರು. ಫೆಬ್ರವರಿಯಲ್ಲಿ ಮಸೂದೆ ಮಂಡಿಸುವಾಗಲೂ ಹೊರಗೇ. ಮೇಲೆ ಮೇಲಧಿಕಾರಿಯಾಗಿ ಡಿ ಗ್ರೇ ಇದ್ದರು. ಆದ್ದರಿಂದ ಡಿಸೆಂಬರ್ 1868ರ ಪಟ್ಟಿಯಲ್ಲಿ ಫಾರ್ಸ್ಟರ್ ಸಿಗುವುದಿಲ್ಲ.

ಚೈಲ್ಡರ್ಸ್ ನೌಕಾಪಡೆ ಬಿಟ್ಟ ಕಾರಣ ಮನಸ್ಸಿಗೆ ಸಂಕಟ ತರುವಂಥದ್ದು. ‘ಕ್ಯಾಪ್ಟನ್’ ಎಂಬ ಹೊಸ ಯುದ್ಧನೌಕೆಯ ಭದ್ರತೆಯ ಬಗ್ಗೆ ಇಲಾಖೆಯೊಳಗೇ ಅನುಮಾನಗಳಿದ್ದವು. ಚೈಲ್ಡರ್ಸ್‌ಗೆ ಅದರ ಮೇಲೆ ನಂಬಿಕೆ. ಸ್ವಂತ ಮಗನನ್ನೇ ಬೇರೆ ಹಡಗಿನಿಂದ ಅದಕ್ಕೆ ವರ್ಗ ಮಾಡಿಸಿದರು. 1870ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಫಿನಿಸ್ಟರ್ ಭೂಶಿರದ ಬಳಿ ಒಂದು ರಾತ್ರಿಯ ಬಿರುಗಾಳಿಗೆ ಹಡಗು ಮಗುಚಿತು. ಸತ್ತ ನಾನೂರೈವತ್ತಕ್ಕೂ ಹೆಚ್ಚು ಮಂದಿಯಲ್ಲಿ ಆ ಹುಡುಗನೂ ಒಬ್ಬ. ಚೈಲ್ಡರ್ಸ್ ಆರೋಗ್ಯ ಕುಸಿಯಿತು, 1871ರ ಮಾರ್ಚ್‌ನಲ್ಲಿ ಖಾತೆ ಬಿಟ್ಟರು, ಗೋಶೆನ್ ಬಂದರು. ಪಟ್ಟಿಯಲ್ಲಿ ಇದು ಒಂದು ಹೆಸರಿನ ಬದಲು ಇನ್ನೊಂದು ಹೆಸರು, ಅಷ್ಟೇ ಆಗಿ ಕಾಣುತ್ತದೆ.

ಬ್ರೈಟ್ ಕೂಡ ಕಾಯಿಲೆಯಿಂದ 1870ರ ಕೊನೆಗೆ ಹೊರಹೋದರು. ಫೋರ್ಟೆಸ್ಕ್ಯೂ ವಾಣಿಜ್ಯಕ್ಕೆ, ಹಾರ್ಟಿಂಗ್ಟನ್ ಐರ್ಲೆಂಡಿಗೆ. ಅಂಚೆ ಖಾತೆಗೆ ಮಾನ್ಸೆಲ್ ಬಂದರು, ಆದರೆ ಸಂಪುಟಕ್ಕೆ ಬರಲಿಲ್ಲ. ಹಾರ್ಟಿಂಗ್ಟನ್ ಕೈಯಲ್ಲಿದ್ದಾಗ ಸಂಪುಟ ದರ್ಜೆಯಾಗಿದ್ದ ಖಾತೆ ಮಾನ್ಸೆಲ್ ಕೈಗೆ ಬಂದೊಡನೆ ಆ ದರ್ಜೆ ಕಳೆದುಕೊಂಡಿತು. ಹುಡುಗರಿಗೆ ಇದನ್ನು ಒತ್ತಿ ಹೇಳಿ. ಯಾರು ಒಳಗೆ ಕೂರಬೇಕು ಎನ್ನುವುದು ಪ್ರಧಾನಿಯ ತೀರ್ಮಾನ, ಅದಕ್ಕೆ ಲಿಖಿತ ಕಾನೂನು ಇರಲಿಲ್ಲ. ‘ಪ್ರಧಾನಿ’ ಎಂಬ ಹುದ್ದೆಯೂ ಕಾನೂನಿನ ಪುಸ್ತಕದಲ್ಲಿರಲಿಲ್ಲ. ಗ್ಲಾಡ್‌ಸ್ಟನ್ ಸಂಬಳ ಪಡೆದದ್ದು ಖಜಾನೆಯ ಮೊದಲ ಲಾರ್ಡ್ ಆಗಿ. ಸಂಪುಟ ಸಭೆಗೆ ಕಾರ್ಯದರ್ಶಿಯಿಲ್ಲ, ನಡಾವಳಿ ಬರೆಯುವವರಿಲ್ಲ. ಸಭೆ ಮುಗಿದ ಮೇಲೆ ಪ್ರಧಾನಿ ರಾಣಿಗೆ ಕೈಯಾರೆ ಬರೆಯುತ್ತಿದ್ದ ಪತ್ರವೇ ದಾಖಲೆ. 1916ರವರೆಗೂ ಹೀಗೇ ನಡೆಯಿತು.

1872ರಲ್ಲಿ ಕಣ್ಣು ಮಂಜಾಗಿ ಹ್ಯಾದರ್ಲಿ ನಿವೃತ್ತರಾದರು. ಮರುವರ್ಷ, ಸಂಸತ್ತಿನ ಒಪ್ಪಿಗೆಯಿಲ್ಲದೆ ಅಂಚೆ ಇಲಾಖೆಯ ಹಣ ತಂತಿ ಜಾಲಕ್ಕೆ ಖರ್ಚಾದ ಹಗರಣ ಹೊರಬಿತ್ತು. ಲೋ ಹಣಕಾಸಿನಲ್ಲಿ ಉಳಿಯುವಂತಿರಲಿಲ್ಲ. ಅವರು ಗೃಹಕ್ಕೆ ಹೋದರು, ಗ್ಲಾಡ್‌ಸ್ಟನ್ ಹಣಕಾಸನ್ನು ತಾವೇ ಇಟ್ಟುಕೊಂಡರು. ಬ್ರೂಸ್ ಲಾರ್ಡ್ ಆಗಿ ಕೌನ್ಸಿಲ್ ಅಧ್ಯಕ್ಷರಾದರು, ಗುಣವಾಗಿದ್ದ ಬ್ರೈಟ್ ಬೇರೊಂದು ಸ್ಥಾನಕ್ಕೆ ಮರಳಿದರು. ನಿಮ್ಮ ಪಠ್ಯದ ಪಟ್ಟಿ ಇದೇ. 1874ರ ಫೆಬ್ರವರಿಯಲ್ಲಿ ಸರ್ಕಾರ ಬೀಳುವಾಗ ಮೊದಲ ದಿನದ ಖಾತೆಯಲ್ಲೇ ಇದ್ದವರು ಮೂವರೇ: ಗ್ಲಾಡ್‌ಸ್ಟನ್, ಕಾರ್ಡ್‌ವೆಲ್, ಆರ್ಗೈಲ್.

ಇನ್ನು ರಿಪನ್. ನಮ್ಮ ಚೌಕದಲ್ಲಿದ್ದ ಡಿ ಗ್ರೇ ಅವರೇ ರಿಪನ್. ಅವರ ತಂದೆ ಪ್ರಧಾನಿಯಾಗಿದ್ದಾಗ ಡೌನಿಂಗ್ ಸ್ಟ್ರೀಟ್‌ನ ಹತ್ತನೆಯ ನಂಬರಿನ ಮನೆಯಲ್ಲೇ ಹುಟ್ಟಿದವರು. ಅಮೆರಿಕದ ಜೊತೆ ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡು ಬಂದ ಮೇಲೆ, 1871ರಲ್ಲಿ ರಿಪನ್ ಮಾರ್ಕ್ವೆಸ್ ಆದರು. ಲೇಖನದಲ್ಲೊಂದು ಹೆಸರು, ಚೌಕದಲ್ಲೊಂದು ಹೆಸರು ಬರೆದು ನಿಮ್ಮನ್ನು ಹುಡುಕಾಡಿಸಿದ್ದಕ್ಕೆ ಕ್ಷಮೆಯಿರಲಿ.

ಮೈಸೂರಿನ ನಂಟು ಇಲ್ಲಿಂದಲೇ ಶುರುವಾಗುತ್ತದೆ. ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿಸುವ ನಿರ್ಧಾರ ಈ ಸಂಪುಟದ್ದಲ್ಲ. ಅದು 1867ರಲ್ಲಿ, ಹಿಂದಿನ ಟೋರಿ ಸರ್ಕಾರದ ಕಾಲದಲ್ಲೇ ಆಗಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1868ರ ಮಾರ್ಚ್‌ನಲ್ಲಿ, ಉತ್ತರಾಧಿಕಾರಿ ಆಗಿನ್ನೂ ಐದು ವರ್ಷದ ಮಗು. ಆ ಮಗು ಬೆಳೆದು 18 ತುಂಬಿ, 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಾಗಿ ಅಧಿಕಾರ ವಹಿಸಿಕೊಳ್ಳುವಾಗ ಕಲ್ಕತ್ತದಲ್ಲಿ ವೈಸ್‌ರಾಯ್ ಆಗಿದ್ದವರು ರಿಪನ್. ಲಂಡನ್ನಿನಲ್ಲಿ ಇಂಡಿಯಾ ಖಾತೆ ಹಿಡಿದಿದ್ದವರು, ನಮ್ಮ ಚೌಕದ ಕೊನೆಯ ಸಾಲಿನಲ್ಲಿದ್ದ ಅಂಚೆಯ ಹಾರ್ಟಿಂಗ್ಟನ್.

ಮೈಸೂರಿಗೇ ಬಂದು ಆ ಪಟ್ಟಾಭಿಷೇಕ ನಡೆಸಿಕೊಟ್ಟವರು ಮದರಾಸಿನ ಗವರ್ನರ್ ವಿಲಿಯಂ ಪ್ಯಾಟ್ರಿಕ್ ಆಡಮ್. ಅವರ ಹೆಸರನ್ನು ನಿಮ್ಮ ಎರಡು ಪಟ್ಟಿಗಳಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. 1868ರಲ್ಲಿ ಅವರು ಖಜಾನೆಯ ಕಿರಿಯ ಲಾರ್ಡ್, ಪಕ್ಷದ ಸಚೇತಕರಲ್ಲಿ ಒಬ್ಬರು. ಮಂತ್ರಿಮಂಡಲದಲ್ಲಿದ್ದರು, ಸಂಪುಟದಲ್ಲಿರಲಿಲ್ಲ. ಆರ್ಗೈಲ್ ಲಾರ್ಡ್ಸ್‌ನಲ್ಲಿದ್ದ ಕಾರಣ ಕಾಮನ್ಸ್‌ನಲ್ಲಿ ಇಂಡಿಯಾ ಖಾತೆಯ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದ ಕಿರಿಯ ಮಂತ್ರಿ ಗ್ರಾಂಟ್ ಡಫ್ ಕೂಡ ಹಾಗೆಯೇ. ಆಡಮ್ ಪಟ್ಟಾಭಿಷೇಕ ಮುಗಿಸಿದ ಎರಡು ತಿಂಗಳಿಗೆ ಊಟಿಯಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಕುರ್ಚಿಗೆ ಬಂದು, ಮಂಗಳೂರು ಬಳ್ಳಾರಿಗಳನ್ನೂ ಒಳಗೊಂಡಿದ್ದ ಮದರಾಸು ಪ್ರಾಂತ್ಯ ಆಳಿದವರು ಇದೇ ಗ್ರಾಂಟ್ ಡಫ್.

ಮುಂದಿನ ಸಂಚಿಕೆಯಲ್ಲಿ ಡಿಸೆಂಬರ್ 1868, ಜುಲೈ 1870 ಮತ್ತು ಆಗಸ್ಟ್ 1873ರ ಮೂರು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ, ಸಂಪುಟದ ಹೊರಗಿದ್ದವರ ಹೆಸರುಗಳ ಸಮೇತ ಅಚ್ಚು ಹಾಕುತ್ತೇವೆ. ನಿಮ್ಮ ಹಾಳೆಯಂತೆಯೇ ಗೆರೆ ಎಳೆದು.

– ಸಂ.