ಗ್ರಾಹಕರ ಅಂಗಳ: ಮಿಕ್ಸಿ ಬರಲಿಲ್ಲ, ದುಡ್ಡೂ ಬರಲಿಲ್ಲ

ಪ್ರಶ್ನೆ: ನಮ್ಮದು ಸಾಗರದಿಂದ ಒಳಗಿರುವ ಹಳ್ಳಿ. ಹೋದ ತಿಂಗಳು ಆನ್‌ಲೈನ್‌ನಲ್ಲಿ 4,800 ರೂಪಾಯಿಯ ಮಿಕ್ಸಿ ಬುಕ್ ಮಾಡಿದೆ. ಯಜಮಾನರ ಡೆಬಿಟ್ ಕಾರ್ಡಿನಿಂದ ದುಡ್ಡು ಮೊದಲೇ ಕಟ್ಟಿದ್ದೆವು. ಒಂದು ಸಂಜೆ ಮೊಬೈಲಿಗೆ ‘ಡೆಲಿವರ್ಡ್’ ಅಂತ ಮೆಸೇಜ್ ಬಂತು. ಮನೆಗೆ ಯಾರೂ ಬಂದಿಲ್ಲ, ಒಟಿಪಿಯನ್ನೂ ಕೇಳಿಲ್ಲ. ನಮ್ಮ ಕಡೆ ಪಾರ್ಸೆಲ್ ಹುಡುಗರು ರಸ್ತೆ ಬದಿಯ ಅಂಗಡಿಯಲ್ಲಿ ಇಟ್ಟು ಹೋಗುವುದುಂಟು. ಅಲ್ಲೂ ಇಲ್ಲ. ಕಸ್ಟಮರ್ ಕೇರ್‌ನವರು ಮೊದಲು ‘ಎರಡು ದಿನ ಕಾಯಿರಿ’ ಅಂದರು. ಈಗ ‘ನಮ್ಮ ರೆಕಾರ್ಡ್‌ನಲ್ಲಿ ತಲುಪಿದೆ, ಕಂಪ್ಲೇಂಟ್ ಕ್ಲೋಸ್ ಆಗಿದೆ’ ಅನ್ನುತ್ತಾರೆ. ಯಜಮಾನರು ಹೋಗ್ಲಿ ಬಿಡು ಅಂತಾರೆ. ನನಗೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ ಮೇಡಂ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಖಂಡಿತ ಬಿಡಬೇಡಿ. ದುಡ್ಡು ನಿಮ್ಮದು. ತಲುಪಿಸಿದ್ದೇವೆ ಅಂತ ಹೇಳುತ್ತಿರುವವರು ಅವರು. ಹಾಗಾಗಿ ಅದನ್ನು ತೋರಿಸಬೇಕಾದವರೂ ಅವರೇ. ಕಂಪ್ಯೂಟರಿನಲ್ಲಿ ‘ಡೆಲಿವರ್ಡ್’ ಅಂತ ಬಿದ್ದ ಮಾತ್ರಕ್ಕೆ ಮಿಕ್ಸಿ ನಿಮ್ಮ ಅಡುಗೆಮನೆಗೆ ಬಂದಂತಾಗುವುದಿಲ್ಲ.

ಮೊದಲು ಒಂದು ಕೆಲಸ ಮಾಡಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದನ್ನು ನಿಲ್ಲಿಸಿ, ಬರೆಯಲು ಶುರು ಮಾಡಿ. ಫೋನಿನಲ್ಲಿ ಪ್ರತಿ ಸಲವೂ ಹೊಸಬರು ಸಿಗುತ್ತಾರೆ, ನೀವು ಮತ್ತೆ ಮೊದಲಿಂದ ಕತೆ ಹೇಳಬೇಕು. ನಾಳೆ ತೋರಿಸಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಆಪ್‌ನಲ್ಲಿ ಅಥವಾ ವೆಬ್‌ಸೈಟಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ ‘ಗ್ರೀವನ್ಸ್ ಆಫೀಸರ್’, ಅಂದರೆ ದೂರು ಆಲಿಸುವ ಅಧಿಕಾರಿ, ಅಂತ ಒಬ್ಬರ ಹೆಸರು, ಇಮೇಲ್ ಇರುತ್ತದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ವಿವರ ಹಾಕಲೇಬೇಕು. ಅವರು 48 ಗಂಟೆಯೊಳಗೆ ನಿಮ್ಮ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು.

ಇಮೇಲ್ ಉದ್ದ ಬೇಡ. ಹೀಗೆ ಬರೆದರೆ ಸಾಕು: ‘ಇಂಥ ಆರ್ಡರ್ ನಂಬರಿನ ಮಿಕ್ಸಿ ನನಗೆ ತಲುಪಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾರ ಕೈಗೆ ಕೊಟ್ಟಿರಿ? ಸಹಿ, ಫೋಟೋ, ಒಟಿಪಿ ದಾಖಲೆ ಕಳಿಸಿ. ಇಲ್ಲದಿದ್ದರೆ ಪೂರ್ತಿ ಹಣ ವಾಪಸ್ ಮಾಡಿ.’ ಜೊತೆಗೆ ಬಿಲ್, ಬ್ಯಾಂಕಿನ ಮೆಸೇಜ್, ಆ ‘ಡೆಲಿವರ್ಡ್’ ಪುಟದ ಸ್ಕ್ರೀನ್‌ಶಾಟ್ ಸೇರಿಸಿ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ, ಕಾಲೇಜಿಗೆ ಹೋಗುವ ಮಕ್ಕಳ ಹತ್ತಿರ ಬರೆಸಿ.

ಸಹಿ, ಫೋಟೋ ಕೇಳಿ ಅಂತ ಯಾಕೆ ಒತ್ತಿ ಹೇಳುತ್ತೇನೆ ಗೊತ್ತಾ? ನಿಮ್ಮಂತೆಯೇ ಮಲೆನಾಡಿನ ಒಬ್ಬರು ಈ ಅಂಕಣಕ್ಕೆ ಬರೆದಿದ್ದರು. ಅವರಿಗೆ ಕಂಪನಿ ಕಳಿಸಿದ ಫೋಟೋದಲ್ಲಿ ಪಾರ್ಸೆಲ್ ಒಂದು ನೀಲಿ ಕಬ್ಬಿಣದ ಗೇಟಿನ ಮುಂದೆ ಇತ್ತು, ಕೆಳಗೆ ಸಿಮೆಂಟ್ ನೆಲ. ಅವರ ಮನೆಗೆ ಗೇಟೇ ಇಲ್ಲ, ಬೇಲಿಗೆ ದಣಪೆ ಇದೆ, ಅಂಗಳ ಸಗಣಿ ಸಾರಿಸಿದ್ದು. ದಣಪೆಯ ಫೋಟೋ ತೆಗೆದು ಅದೇ ಇಮೇಲಿಗೆ ಉತ್ತರವಾಗಿ ಕಳಿಸಿದರು. ಅದೇ ವಾರ ದುಡ್ಡು ವಾಪಸ್ ಬಂತು.

‘ನಾವು ಬರೀ ಮಧ್ಯದವರು, ಮಾರಿದವರನ್ನೇ ಕೇಳಿ’ ಅಂತಲೂ ಕಂಪನಿಯವರು ಅನ್ನಬಹುದು. ಆಗ ಮಾರಿದವರ ವಿಳಾಸ, ಇಮೇಲ್ ಕೊಡಿ ಅಂತ ಬರವಣಿಗೆಯಲ್ಲಿ ಕೇಳಿ. ಕೊಡುವುದು ಅವರ ಕರ್ತವ್ಯ.

ಇದರ ಜೊತೆಗೇ ಬ್ಯಾಂಕಿಗೂ ಹೋಗಿ. ಕಾರ್ಡಿನಿಂದ ಕಟ್ಟಿದ್ದರಿಂದ ‘ಚಾರ್ಜ್‌ಬ್ಯಾಕ್’ ಕೇಳಬಹುದು. ಅಂದರೆ, ದುಡ್ಡು ಕೊಟ್ಟಿದ್ದೇನೆ, ವಸ್ತು ಬಂದಿಲ್ಲ, ಆ ಹಣ ವಾಪಸ್ ಕೊಡಿಸಿ ಅಂತ ಬ್ಯಾಂಕಿನ ಮೂಲಕ ಕೇಳುವುದು. ಇದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ. ಕಾರ್ಡು ಯಜಮಾನರದ್ದಾದ್ದರಿಂದ ಅರ್ಜಿಗೆ ಅವರೇ ಸಹಿ ಹಾಕಬೇಕು. ಅವರನ್ನು ಒಪ್ಪಿಸುವ ಕೆಲಸ ನಿಮಗೆ ಬಿಟ್ಟಿದ್ದು!

ಇಷ್ಟಕ್ಕೂ ಜಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ಅದು ಕೋರ್ಟ್ ಅಲ್ಲ, ಆದೇಶ ಕೊಡುವ ಅಧಿಕಾರ ಇಲ್ಲ. ಆದರೂ ಇಂಥ ದೂರು ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿ ಎಲ್ಲೇ ಇರಲಿ, ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ನಿಮಗೆ ಶಿವಮೊಗ್ಗ. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಹಾಕಬೇಕು. ಆನ್‌ಲೈನ್‌ನಲ್ಲಿ ಇ-ಜಾಗೃತಿ ತಾಣದಲ್ಲೂ ಸಲ್ಲಿಸಬಹುದು. ಮಿಕ್ಸಿಯ ಬೆಲೆಯ ಜೊತೆಗೆ ನಿಮಗಾದ ತೊಂದರೆಗೆ ಪರಿಹಾರ, ಖರ್ಚು ಎಲ್ಲವನ್ನೂ ಕೇಳಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಹುಷಾರು. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ವಂಚಕರು ತಮ್ಮ ನಂಬರನ್ನೇ ಅಲ್ಲಿ ಹಾಕಿರುತ್ತಾರೆ. ‘ರಿಫಂಡ್ ಕೊಡ್ತೀವಿ, ಈ ಆಪ್ ಹಾಕಿಕೊಳ್ಳಿ, ಪಿನ್ ಒತ್ತಿ’ ಅನ್ನುತ್ತಾರೆ. ದುಡ್ಡು ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರು ಅಂದರೆ ಖಾತೆಯಿಂದ ತೆಗೆಯಲು ಹೊರಟಿದ್ದಾರೆ ಅಂತಲೇ ಅರ್ಥ. 4,800 ವಾಪಸ್ ತರಲು ಹೋಗಿ ಖಾತೆಯೇ ಖಾಲಿಯಾದವರ ಪತ್ರಗಳನ್ನು ಓದಿದಾಗ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ನೋಡಿ ಇಳಕಲ್ ಸೀರೆಗೆ 1,850 ರೂಪಾಯಿ ಯುಪಿಐ ಮಾಡಿದೆ. ನಿನ್ನೆಯಿಂದ ಅವರು ನನ್ನನ್ನು ಬ್ಲಾಕ್ ಮಾಡಿದ್ದಾರೆ. ಗ್ರಾಹಕರ ಕೋರ್ಟಿಗೆ ಹೋಗಬಹುದಾ?
– ಓದುಗರು, ಹಾವೇರಿ

ಉತ್ತರ: ಹೆಸರು, ವಿಳಾಸ ಇಲ್ಲದವರ ಮೇಲೆ ಅಲ್ಲಿ ದೂರು ಹಾಕಿ ನೋಟಿಸ್ ಕಳಿಸುವುದಾದರೂ ಎಲ್ಲಿಗೆ? ಇದು ಮೋಸ, ಪೊಲೀಸರು ನೋಡಬೇಕಾದ ವಿಷಯ. ಇದನ್ನು ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ದುಡ್ಡನ್ನು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಜಾಸ್ತಿ. ಯುಪಿಐ ವ್ಯವಹಾರದ ನಂಬರ್, ಅವರ ಪೇಜಿನ ಹೆಸರು, ಚಾಟ್ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ಆಮೇಲೆ ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಿ. ‘ಇಷ್ಟು ಸಣ್ಣ ದುಡ್ಡಿಗಾ’ ಅಂತ ಯಾರಾದರೂ ಅಂದರೂ ದೂರು ತೆಗೆದುಕೊಂಡಿದ್ದಕ್ಕೆ ಸ್ವೀಕೃತಿ ಪಡೆಯದೆ ಹೊರಗೆ ಬರಬೇಡಿ.