ಆರ್‌ಒಎಸ್ ಸಂಶೋಧನೆಗೆ ಇಷ್ಟೊಂದು ಲ್ಯಾಬ್‌ಗಳು ಯಾಕೆ ಬೇಕು?

ನೀವು ಕೇಳಿದ್ದು ಇದು: "ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ವಿಷಯ ಹುಡುಕುತ್ತಿದ್ದೇನೆ. ರಿಯಾಕ್ಟಿವ್ ಆಕ್ಸಿಜನ್ ಸ್ಪೀಷೀಸ್ (ಆರ್‌ಒಎಸ್) ಬಗ್ಗೆ ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಂದು ಪೇಪರ್ ಇದೇ ರೋಗಕ್ಕೆ ಕಾರಣ ಅನ್ನುತ್ತದೆ, ಇನ್ನೊಂದು ಇದಿಲ್ಲದೆ ದೇಹವೇ ನಡೆಯುವುದಿಲ್ಲ ಅನ್ನುತ್ತದೆ. ಅದರ ಮೇಲೆ ಒಂದೊಂದು ಪೇಪರಿನಲ್ಲೂ ಹತ್ತಾರು ಲ್ಯಾಬ್‌ಗಳ ಹೆಸರು. ಇಷ್ಟು ಜನ ನಿಜಕ್ಕೂ ಬೇಕಾ?"

ನಾನು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಮೇಲೆ ಕೆಲಸ ಮಾಡುವ ಲ್ಯಾಬ್‌ನಲ್ಲಿದ್ದೇನೆ. ನಿಮ್ಮ ಗೊಂದಲ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಪ್ರಕಾರ ನಿಮ್ಮ ಎರಡೂ ಪ್ರಶ್ನೆಗಳ ಬೇರು ಒಂದೇ. ಈ ಅಣುಗಳನ್ನು ಅಳೆಯುವುದು ತುಂಬಾ ಕಷ್ಟ. ಒಂದು ಲ್ಯಾಬ್ ತನ್ನ ಅಳತೆಯನ್ನು ತಾನೊಬ್ಬನೇ ನಂಬುವ ಹಾಗಿಲ್ಲ. ಆದ್ದರಿಂದ ಇಷ್ಟು ಜನ ಬೇಕು, ನಿಜಕ್ಕೂ ಬೇಕು.

ಆರ್‌ಒಎಸ್ ಅಂದರೆ ಒಂದು ವಸ್ತು ಅಲ್ಲ, ಆಕ್ಸಿಜನ್‌ನಿಂದ ಹುಟ್ಟುವ, ಬೇರೆ ಅಣುಗಳ ಜೊತೆ ಪ್ರತಿಕ್ರಿಯಿಸುವ ಅಣುಗಳ ಒಂದು ಗುಂಪು. ಒಳಗಿರುವವರ ಸ್ವಭಾವ ಒಬ್ಬರದ್ದು ಒಬ್ಬರಿಗೆ ಹೋಲುವುದಿಲ್ಲ. ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿದ ಜಾಗದಲ್ಲೇ ಪಕ್ಕದಲ್ಲಿ ಏನು ಸಿಕ್ಕರೂ ಅದರ ಮೇಲೆ ಬೀಳುತ್ತದೆ. ಅದರ ಆಯುಸ್ಸು ನ್ಯಾನೋಸೆಕೆಂಡ್‌ಗಳಷ್ಟೇ. ಸೂಪರ್‌ಆಕ್ಸೈಡ್‌ಗೆ ಚಾರ್ಜ್ ಇದೆ, ಪೊರೆ ದಾಟುವುದು ಅದಕ್ಕೆ ಸುಲಭವಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಮಾತ್ರ ನಿಧಾನಸ್ಥ. ಪೊರೆಯಲ್ಲಿರುವ ಅಕ್ವಾಪೊರಿನ್ ಎಂಬ ಪ್ರೋಟೀನ್ ದಾರಿಗಳ ಮೂಲಕ ಆಚೆ ಈಚೆ ಹೋಗುತ್ತದೆ, ಕೆಲವು ಪ್ರೋಟೀನ್‌ಗಳ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಮೇಲೆ ಕುಳಿತು ಸಂದೇಶ ಮುಟ್ಟಿಸುತ್ತದೆ. ಹೀಗಿರುವಾಗ "ಆರ್‌ಒಎಸ್ ಜಾಸ್ತಿಯಾಯಿತು" ಅಂತ ಬರೆದರೆ ಯಾವುದು, ಎಲ್ಲಿ, ಎಷ್ಟು ಅಂತ ಏನೂ ಹೇಳಿದಂತಾಗುವುದಿಲ್ಲ.

ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಹಳೆಯದು. 1954ರಲ್ಲಿ ರೆಬೆಕಾ ಗೆರ್ಶ್‌ಮನ್ ಮತ್ತು ಅವರ ಜೊತೆಗಾರರು ಅತಿ ಆಕ್ಸಿಜನ್‌ನಿಂದ ಆಗುವ ಹಾನಿಗೂ ಎಕ್ಸ್‌ರೇಯಿಂದ ಆಗುವ ಹಾನಿಗೂ ಕಾರಣ ಒಂದೇ ಎಂದರು, ಅದು ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು, ಅಂದರೆ ಫ್ರೀ ರ‍್ಯಾಡಿಕಲ್. ಎರಡು ವರ್ಷದ ನಂತರ ಡೆನ್ಹಮ್ ಹಾರ್ಮನ್ ಮುಪ್ಪಿಗೂ ಇದೇ ಕಾರಣ ಎಂಬ ವಾದ ಮುಂದಿಟ್ಟರು. 1969ರಲ್ಲಿ ಜೋ ಮೆಕ್‌ಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಎನ್‌ಜೈಮ್ ಕಂಡುಹಿಡಿದರು. ಸೂಪರ್‌ಆಕ್ಸೈಡನ್ನು ನಿಭಾಯಿಸಲೆಂದೇ ದೇಹ ಒಂದು ಎನ್‌ಜೈಮ್ ಇಟ್ಟುಕೊಂಡಿದೆ ಅಂದಮೇಲೆ ಅದು ಶತ್ರುವೇ ಇರಬೇಕು ಅಂತ ಎಲ್ಲರಿಗೂ ಅನ್ನಿಸಿತು.

ಆದರೆ 1973ರಲ್ಲಿ ಬರ್ನಾರ್ಡ್ ಬೇಬಿಯರ್ ತಂಡ ತೋರಿಸಿದ್ದು ಬೇರೆ. ಬ್ಯಾಕ್ಟೀರಿಯಾ ಬಂದಾಗ ನಮ್ಮ ಬಿಳಿ ರಕ್ತಕಣಗಳು ಬೇಕಂತಲೇ ಸೂಪರ್‌ಆಕ್ಸೈಡ್ ತಯಾರಿಸುತ್ತವೆ. ಈ ಶಕ್ತಿ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಕಾಯಿಲೆಯ ಹೆಸರು ಕ್ರಾನಿಕ್ ಗ್ರಾನ್ಯುಲೊಮಾಟಸ್ ಡಿಸೀಸ್. ನೋಕ್ಸ್2 ಎಂಬ ಎನ್‌ಜೈಮ್ ವ್ಯವಸ್ಥೆ ಅವರಲ್ಲಿ ಕೆಲಸ ಮಾಡುವುದಿಲ್ಲ. ಸ್ಟ್ಯಾಫಿಲೊಕಾಕಸ್, ಆಸ್ಪರ್‌ಜಿಲಸ್ ಸೋಂಕುಗಳು ಮತ್ತೆ ಮತ್ತೆ ಬರುತ್ತವೆ, ಪ್ರಾಣಕ್ಕೇ ಕುತ್ತಾಗುತ್ತದೆ. ಆರ್‌ಒಎಸ್ ಬರೀ ವಿಷ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಮಕ್ಕಳ ಬಗ್ಗೆ.

ಆರ್‌ಒಎಸ್ ಹಾನಿ ತಡೆಯಲೆಂದು ಕೊಡುವ ಆಂಟಿಆಕ್ಸಿಡೆಂಟ್ ಮಾತ್ರೆಗಳ ಕಥೆ ನಿಮಗೆ ಗೊತ್ತಿರಬಹುದು. ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಟ್ರಯಲ್‌ನ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಕ್ಯಾರೆಟ್ ಎಂಬ ಹೆಸರಿನ ಟ್ರಯಲ್‌ನಲ್ಲಿ ಬೀಟಾ ಕ್ಯಾರೊಟಿನ್ ಜೊತೆಗೆ ವಿಟಮಿನ್ ಎ ರೂಪದ ಔಷಧಿಯೂ ಇತ್ತು. ಅಲ್ಲೂ ಇದೇ ಆಯಿತು, ಅದನ್ನು 1996ರಲ್ಲಿ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಇಷ್ಟು ದೊಡ್ಡ ಟ್ರಯಲ್‌ಗಳು ತಲೆಕೆಳಗಾದ ಮೇಲೆಯೇ ಅನೇಕರು ಮೂಲ ಪ್ರಶ್ನೆಗೆ ಮರಳಿದರು. ನಾವು ಅಳೆಯುತ್ತಿರುವುದಾದರೂ ಏನನ್ನು?

ಈಗ ಲ್ಯಾಬ್ ಒಳಗೆ ಬನ್ನಿ. ಆರ್‌ಒಎಸ್ ಅಳೆಯಲು ಎಲ್ಲರ ಕೈಗೂ ಸುಲಭವಾಗಿ ಸಿಗುವ ಡೈ (ಬಣ್ಣದ ವಸ್ತು) ಡಿಸಿಎಫ್. ಕೋಶಗಳ ಮೇಲೆ ಹಾಕುತ್ತೀರಿ, ಅದು ಒಳಗೆ ಹೋಗುತ್ತದೆ, ಎಸ್ಟರೇಸ್ ಎನ್‌ಜೈಮ್‌ಗಳು ಅದರ ಎರಡು ಅಸಿಟೇಟ್ ತುಂಡುಗಳನ್ನು ಕತ್ತರಿಸುತ್ತವೆ. ಆಮೇಲೆ ಆಕ್ಸಿಡೀಕರಣವಾದರೆ ಹಸಿರಾಗಿ ಹೊಳೆಯುತ್ತದೆ. ನೋಡೋಕೆ ಚಂದ. ಪ್ಲೇಟ್ ರೀಡರ್ ಒಂದು ನಂಬರ್ ಕೊಡುತ್ತದೆ, ಗ್ರಾಫ್ ಆಗುತ್ತದೆ. ತೊಂದರೆ ಏನೆಂದರೆ, ಈ ಡೈ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ನೇರವಾಗಿ ಸೇರಿ ಹೊಳೆಯುವುದೇ ಇಲ್ಲ. ನಡುವೆ ಕಬ್ಬಿಣವೋ ಪೆರಾಕ್ಸಿಡೇಸೋ ಬೇಕು. ಕೋಶದಲ್ಲಿ ಕಬ್ಬಿಣ ಹೆಚ್ಚಾದರೂ ಹೊಳಪು ಹೆಚ್ಚುತ್ತದೆ. ಸಾಯುತ್ತಿರುವ ಕೋಶದಲ್ಲಿ ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಹೊರಬಂದರೂ ಹೆಚ್ಚುತ್ತದೆ. ಮೇಜಿನ ಮೇಲೆ ಬೆಳಕಿಗೆ ಬಿಟ್ಟರೆ ತಾನಾಗಿಯೇ ಹೆಚ್ಚುತ್ತದೆ. ಇದೆಲ್ಲದರ ಮೇಲೆ, ಡೈ ಬದಲಾಗುವಾಗ ನಡುವೆ ಹುಟ್ಟುವ ರ‍್ಯಾಡಿಕಲ್ ಆಕ್ಸಿಜನ್ ಜೊತೆ ಸೇರಿ ಹೊಸದಾಗಿ ಸೂಪರ್‌ಆಕ್ಸೈಡ್ ಮಾಡುತ್ತದೆ. ಅಂದರೆ ಅಳೆಯುವ ವಸ್ತುವೇ ಅಳೆಯಬೇಕಾದ್ದನ್ನು ಸೃಷ್ಟಿಸುತ್ತಿದೆ. ಸುಮ್ನೆ ಯೋಚಿಸಿ, ಈ ಡೈ ಒಂದನ್ನೇ ನೆಚ್ಚಿ ಎಷ್ಟು ಪೇಪರ್ ಬಂದಿರಬಹುದು!

ಲ್ಯಾಬ್‌ಗಳು ಒಟ್ಟಾಗದಿದ್ದರೆ ಇಂಥ ತಪ್ಪು ಬಯಲಿಗೆ ಬರುವುದೇ ಇಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಎಸ್ಕೋಡ್ ಎಂಬ ಯುರೋಪಿನ ಲ್ಯಾಬ್‌ಗಳ ಕೂಟ. ಆಕ್ಸಿಡೀಕರಣದಿಂದ ಡಿಎನ್‌ಎಗೆ ಎಷ್ಟು ಏಟು ಬಿದ್ದಿದೆ ಎಂದು ನೋಡಲು ಆಗ ಅನೇಕ ಲ್ಯಾಬ್‌ಗಳು 8-ಆಕ್ಸೊಗ್ವಾನಿನ್ ಅಳೆಯುತ್ತಿದ್ದವು, ಅಂದರೆ ಡಿಎನ್‌ಎಯ ಅಕ್ಷರಗಳಲ್ಲಿ ಒಂದಾದ ಗ್ವಾನಿನ್‌ನ ಆಕ್ಸಿಡೀಕರಣವಾದ ರೂಪ. ಆದರೆ ಆರೋಗ್ಯವಂತ ಮನುಷ್ಯನ ಕೋಶದಲ್ಲಿ ಅದು ಎಷ್ಟಿರುತ್ತದೆ ಎಂಬುದಕ್ಕೇ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಹತ್ತು ಪಟ್ಟು, ನೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ವ್ಯತ್ಯಾಸ. ಎಲ್ಲರೂ ಪ್ರಾಮಾಣಿಕರೇ, ಎಲ್ಲರದ್ದೂ ಒಳ್ಳೆಯ ಉಪಕರಣವೇ. ಆಗ ಯುರೋಪಿನ ಲ್ಯಾಬ್‌ಗಳು ಸೇರಿ ಒಂದೇ ಮೂಲದ ಸ್ಯಾಂಪಲ್‌ಗಳನ್ನು ಹಂಚಿಕೊಂಡು, ತಂತಮ್ಮ ವಿಧಾನದಲ್ಲಿ ಅಳೆದು, ನಂಬರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದವು.

ಸಿಕ್ಕ ಉತ್ತರ ಸ್ವಲ್ಪ ಮುಜುಗರದ್ದು. ಕೆಲವು ವಿಧಾನಗಳಲ್ಲಿ ಹಾನಿಯ ದೊಡ್ಡ ಪಾಲು ದೇಹದಲ್ಲಿ ಆದದ್ದೇ ಅಲ್ಲ. ಡಿಎನ್‌ಎಯನ್ನು ಕೋಶದಿಂದ ಹೊರತೆಗೆದು ಶುದ್ಧ ಮಾಡುವಾಗ, ಬಿಸಿ ಮಾಡುವಾಗ, ಗಾಳಿ ತಾಗಿ ಗ್ವಾನಿನ್ ಅಲ್ಲೇ ಆಕ್ಸಿಡೀಕರಣವಾಗುತ್ತಿತ್ತು. 2003ರಲ್ಲಿ ಅವರು ಮನುಷ್ಯರ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳ ಬಗ್ಗೆ ವರದಿ ಮಾಡಿದಾಗಲೂ, ಕ್ರೊಮ್ಯಾಟೊಗ್ರಫಿ (ವಸ್ತುಗಳನ್ನು ಬೇರ್ಪಡಿಸಿ ಅಳೆಯುವುದು) ಮತ್ತು ಎನ್‌ಜೈಮ್ ವಿಧಾನಗಳ ನಡುವೆ ಹತ್ತು ಪಟ್ಟಿಗೂ ಹೆಚ್ಚು ಅಂತರ ಉಳಿದಿತ್ತು. ಆದರೆ ಹಿಂದಿನ ಅಂಕಿಗಳು ವಿಪರೀತ ಜಾಸ್ತಿ ಎಂಬುದು ಖಚಿತವಾಯಿತು. ಹತ್ತು ಲಕ್ಷ ಗ್ವಾನಿನ್‌ಗಳಲ್ಲಿ ಕೆಟ್ಟದ್ದು ಕೆಲವೇ ಕೆಲವು. ತಮ್ಮ ಅಳತೆ ತಪ್ಪು ಎಂದು ಎಲ್ಲರೆದುರು ತೋರಿಸಿಕೊಳ್ಳಲು ಒಪ್ಪಿದ ಆ ಲ್ಯಾಬ್‌ಗಳ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಇಂಥ ಕೆಲಸಕ್ಕೆ ಪ್ರಶಸ್ತಿ ಬರುವುದಿಲ್ಲ. ಆದರೆ ನಂತರ ಬಂದವರೆಲ್ಲ ಅದರ ಮೇಲೇ ನಿಂತಿದ್ದಾರೆ.

ನೀವು ನೋಡಿರುವ ಉದ್ದುದ್ದ ಲೇಖಕರ ಪಟ್ಟಿಗಳಲ್ಲಿ ಕೆಲವು ಬಹುಶಃ ಯುರೋಪಿನ ಇಯು-ರೋಸ್ ಜಾಲದ್ದು. ಕಾಸ್ಟ್ ಎಂಬ ಯೋಜನೆಯಡಿ 2012ರಿಂದ 2016ರವರೆಗೆ ನಡೆದದ್ದು ಅದು. ಕಾಸ್ಟ್ ನೇರವಾಗಿ ಪ್ರಯೋಗಗಳಿಗೆ ಹಣ ಕೊಡುವುದಿಲ್ಲ. ಸಭೆ, ತರಬೇತಿ, ಒಂದು ಲ್ಯಾಬ್‌ನ ವಿದ್ಯಾರ್ಥಿ ಇನ್ನೊಂದು ಲ್ಯಾಬ್‌ಗೆ ಹೋಗಿ ಬರುವ ಖರ್ಚು, ಇಂಥದ್ದಕ್ಕೆ ಕೊಡುತ್ತದೆ. ಕೇಳಲು ಚಿಕ್ಕದು ಅನ್ನಿಸಬಹುದು, ಅಲ್ವಾ? ಆದರೆ ಈ ವಿಷಯದಲ್ಲಿ ಪ್ರೋಟೋಕಾಲ್ ಓದಿ ಕಲಿಯುವುದಕ್ಕೂ, ಗೊತ್ತಿರುವವರ ಪಕ್ಕದಲ್ಲಿ ನಿಂತು ಸ್ಯಾಂಪಲ್ ಎಷ್ಟು ಬೇಗ ಫ್ರೀಜ್ ಮಾಡಬೇಕು ಎಂದು ಕಣ್ಣಾರೆ ನೋಡುವುದಕ್ಕೂ ಅಜಗಜಾಂತರ. ಕೆಮಿಸ್ಟ್, ಹೃದಯದ ಡಾಕ್ಟರ್, ನರರೋಗದವರು, ಔಷಧಿ ತಯಾರಿಸುವವರು ಒಂದೇ ಕೋಣೆಯಲ್ಲಿ ಕುಳಿತ ಫಲವಾಗಿ 2017ರಲ್ಲಿ ಒಂದು ದೊಡ್ಡ ವಿಮರ್ಶಾ ಲೇಖನ ಬಂತು. ನಿಮ್ಮ ಓದನ್ನು ಅಲ್ಲಿಂದ ಶುರು ಮಾಡಬಹುದು.

ಒಟ್ಟಾಗಿ ಮಾಡಿದ ಕೆಲಸ ರೋಗಿಯ ಹತ್ತಿರಕ್ಕೆ ಹೇಗೆ ಬರುತ್ತದೆ ಎಂದು ತಿಳಿಯಲು 2014ರ ಒಂದು ಕೆಲಸ ನೋಡಿ. ಹಾರ್ಟ್ ಅಟ್ಯಾಕ್ ಆದಾಗ ಮುಚ್ಚಿದ ರಕ್ತನಾಳ ತೆರೆಯಲೇಬೇಕು. ಆದರೆ ರಕ್ತ ಮತ್ತೆ ಹರಿದ ಮೊದಲ ಕೆಲವು ನಿಮಿಷಗಳಲ್ಲಿ ಆರ್‌ಒಎಸ್ ಉಕ್ಕಿ ಇನ್ನಷ್ಟು ಕೋಶಗಳು ಸಾಯುತ್ತವೆ. ಇದನ್ನು ಬಹಳ ಕಾಲ ಬರೀ ಅಸ್ತವ್ಯಸ್ತ ಸೋರಿಕೆ ಎಂದುಕೊಂಡಿದ್ದರು. ಮೈಕೆಲ್ ಮರ್ಫಿ, ಥಾಮಸ್ ಕ್ರೀಗ್ ಮತ್ತು ಜೊತೆಗಾರರು ರಕ್ತ ನಿಂತ ಹೃದಯ, ಮೆದುಳು, ಕಿಡ್ನಿ, ಲಿವರ್ ಎಲ್ಲದರಲ್ಲೂ ಯಾವ ವಸ್ತು ಜಮಾ ಆಗುತ್ತದೆ ಎಂದು ಹೋಲಿಸಿದರು. ಎಲ್ಲ ಕಡೆಯೂ ಸಕ್ಸಿನೇಟ್, ಕೋಶ ಶಕ್ತಿ ತಯಾರಿಸುವಾಗ ನಡುವೆ ಬರುವ ಒಂದು ವಸ್ತು. ರಕ್ತ ಬಂದ ತಕ್ಷಣ ಅದು ಸರ್ರನೆ ಉರಿಯುತ್ತದೆ, ಎಲೆಕ್ಟ್ರಾನ್‌ಗಳು ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್ 1 ಎಂಬ ಎನ್‌ಜೈಮ್‌ನ ಮೂಲಕ ಹಿಮ್ಮುಖವಾಗಿ ನುಗ್ಗುತ್ತವೆ, ಸೂಪರ್‌ಆಕ್ಸೈಡ್ ಹುಟ್ಟುತ್ತದೆ. ಸಕ್ಸಿನೇಟ್ ಜಮಾ ಆಗದಂತೆ ಮ್ಯಾಲೊನೇಟ್ ರೂಪದ ಔಷಧಿ ಕೊಟ್ಟಾಗ ಇಲಿಗಳಲ್ಲಿ ಹೃದಯದ ಹಾನಿಯೂ ಮೆದುಳಿನ ಹಾನಿಯೂ ಕಡಿಮೆಯಾಯಿತು. ಇಲ್ಲಿ ಗಮನಿಸಿ, ಹುಟ್ಟಿದ ಮೇಲೆ ಆರ್‌ಒಎಸ್ ಹಿಂದೆ ಮಾತ್ರೆ ಹಿಡಿದು ಓಡಲಿಲ್ಲ. ಹುಟ್ಟುವ ಜಾಗವನ್ನೇ ಹಿಡಿದರು. ಸಕ್ಸಿನೇಟ್‌ನಂಥ ಮೆಟಬೊಲೈಟ್ ಅಳೆಯುವವರು, ಕಂಪ್ಯೂಟರ್ ಮಾಡೆಲ್ ಕಟ್ಟುವವರು, ಪ್ರಾಣಿಗಳ ಮೇಲೆ ಸರ್ಜರಿ ಮಾಡಬಲ್ಲವರು ಎಲ್ಲ ಬೇಕಾಯಿತು. ಒಂದೇ ಲ್ಯಾಬ್‌ನಲ್ಲಿ ಇವರೆಲ್ಲ ಸಿಗುವುದು ಅಪರೂಪ.

ಪಿಎಚ್‌ಡಿ ವಿಷಯಕ್ಕೆ ಬಂದರೆ, ಈ ಕ್ಷೇತ್ರ ಖಂಡಿತ ಆಯ್ದುಕೊಳ್ಳಿ. ಆದರೆ ಲ್ಯಾಬನ್ನು ಚೆನ್ನಾಗಿ ವಿಚಾರಿಸಿ ಆಯ್ದುಕೊಳ್ಳಿ. ಸಂದರ್ಶನಕ್ಕೆ ಹೋದಾಗ ನೀವೂ ಪ್ರಶ್ನೆ ಕೇಳಿ. ಯಾವ ಅಣುವನ್ನು ಅಳೆಯುತ್ತೀರಿ? ಒಂದೇ ಡೈ ಬಳಸುತ್ತೀರೋ, ಎರಡನೇ ವಿಧಾನದಿಂದಲೂ ಪರೀಕ್ಷಿಸುತ್ತೀರೋ? ಹೈಡ್ರೋಜನ್ ಪೆರಾಕ್ಸೈಡ್ ಅಳೆಯುವ ಹೈಪರ್ ಥರದ, ಜೀನ್ ಮೂಲಕ ಕೋಶದೊಳಗೇ ಕೂರಿಸುವ ಸೆನ್ಸರ್ ಇದೆಯೋ? "ಎನ್‌ಎಸಿ ಎಂಬ ಆಂಟಿಆಕ್ಸಿಡೆಂಟ್ ಹಾಕಿದಾಗ ಪರಿಣಾಮ ಹೋಯಿತು, ಹಾಗಾಗಿ ಆರ್‌ಒಎಸ್ ಕಾರಣ" ಎಂದಷ್ಟೇ ಉತ್ತರ ಬಂದರೆ ಹುಷಾರು. ಎನ್‌ಎಸಿ ಕೋಶದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ಹೆಚ್ಚಿಸುವುದೂ ಸೇರಿ ಕೋಶದಲ್ಲಿ ಇನ್ನೂ ಹಲವು ಕೆಲಸ ಮಾಡುತ್ತದೆ. ಅದೊಂದರಿಂದ ಏನೂ ಸಾಬೀತಾಗುವುದಿಲ್ಲ. 2022ರಲ್ಲಿ ನೇಚರ್ ಮೆಟಬಾಲಿಸಂನಲ್ಲಿ ಅನೇಕ ತಂಡಗಳು ಸೇರಿ ಅಳತೆಯ ಮಾರ್ಗಸೂಚಿ ಪ್ರಕಟಿಸಿವೆ. ಈ ಎಚ್ಚರಿಕೆ ಅದರಲ್ಲೂ ಇದೆ. ಸಂದರ್ಶನಕ್ಕೆ ಮುಂಚೆ ಅದನ್ನು ಒಮ್ಮೆ ಪೂರ್ತಿ ಓದಿಕೊಂಡು ಹೋಗಿ. ಯಾವ ರೋಗದ ಮೇಲೆ ಆಸಕ್ತಿ ಎಂದು ತಿಳಿಸಿದರೆ, ಅಲ್ಲಿ ಯಾವ ಅಳತೆ ನಂಬಬಹುದು ಎಂದು ಬೇರೆಯಾಗಿ ಬರೆಯುತ್ತೇನೆ.