ಬಿಸಿಲಿದ್ದರೂ ಸೋಲಾರ್‌ನಲ್ಲಿ ಬಿಸಿನೀರು ಬರುತ್ತಿಲ್ಲವೇ? ಟ್ಯೂಬ್ ಬದಲಿಸುವ ಮೊದಲು ಇದನ್ನು ನೋಡಿ

ನೀವು ಕೇಳಿರುವುದು ಇಷ್ಟು: ಮೈಸೂರಿನಲ್ಲಿ ಮನೆ, ತಾರಸಿ ಮೇಲೆ ಗಾಜಿನ ಟ್ಯೂಬಿನ ಸೋಲಾರ್, ಒಳ್ಳೆ ಬಿಸಿಲಿದೆ, ಆದರೂ ಬೆಳಿಗ್ಗೆ ಸ್ನಾನಕ್ಕೆ ಉಗುರುಬೆಚ್ಚಗಿನ ನೀರು. ನೋಡಲು ಬಂದವರು ಟ್ಯೂಬ್ ಪೂರ್ತಿ ಬದಲಿಸಬೇಕು ಎಂದಿದ್ದಾರೆ. ಬದಲಿಸಬೇಕಾ?

ಈಗಲೇ ಬೇಡ. ನಾನು ಇದೇ ಊರಿನಲ್ಲಿ ಪ್ಲಂಬಿಂಗ್ ಕೆಲಸ ಮಾಡುವವನು, ಸೋಲಾರ್ ರಿಪೇರಿಗೂ ಹೋಗುತ್ತೇನೆ. ಟ್ಯೂಬ್‌ಗಳೆಲ್ಲ ಒಟ್ಟಿಗೆ ಕೆಡುವುದು ತುಂಬಾ ಅಪರೂಪ. ಬಿಸಿ ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತುಹೋಗಿದೆ ಎಂದು ಮೊದಲು ಪತ್ತೆ ಮಾಡಿ. ಅದಕ್ಕೆ ನಿಮ್ಮ ಕೈ ಸಾಕು, ಯಾವ ಮೀಟರೂ ಬೇಡ.

ಬಿಸಿಲಿರುವ ದಿನ ಮಧ್ಯಾಹ್ನ 3-4 ಗಂಟೆಗೆ ತಾರಸಿಗೆ ಹೋಗಿ. ಕೆಳಗೆ ಮನೆಯವರೊಬ್ಬರು ಬಿಸಿನೀರಿನ ನಲ್ಲಿ ತೆರೆದಿಡಲಿ. ನೀವು ಸೋಲಾರ್ ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪನ್ನು ಟ್ಯಾಂಕಿನ ಹತ್ತಿರವೇ ಮುಟ್ಟಿ ನೋಡಿ. ಒಂದು ಬಟ್ಟೆ ಇಟ್ಟುಕೊಳ್ಳಿ, ಸುಡಬಹುದು. ಅಲ್ಲಿ ಚುರುಕ್ ಎನ್ನುವಷ್ಟು ಬಿಸಿ ಇದ್ದು, ಕೆಳಗೆ ನಲ್ಲಿಯಲ್ಲಿ ಮಾತ್ರ ತಣ್ಣಗಿದ್ದರೆ ನಿಮ್ಮ ಸೋಲಾರ್ ಚೆನ್ನಾಗಿಯೇ ಇದೆ. ತೊಂದರೆ ಮನೆಯೊಳಗಿದೆ. ಆದರೆ ನಲ್ಲಿ ತೆರೆದ ಕೂಡಲೇ ತೀರ್ಮಾನಕ್ಕೆ ಬರಬೇಡಿ. ಮುಕ್ಕಾಲು ಇಂಚಿನ ಪೈಪ್ 20 ಮೀಟರ್ ಇದ್ದರೆ ಅದರಲ್ಲೇ ಐದು ಲೀಟರಿನಷ್ಟು ಆರಿದ ನೀರು ನಿಂತಿರುತ್ತದೆ. ಅದು ಹೋಗಲಿ.

ಮನೆಯೊಳಗಿನ ತೊಂದರೆ ಎಂದರೆ ಬಹಳ ಸಲ ಮಿಕ್ಸರ್. ಈಗ ಎಲ್ಲ ಬಚ್ಚಲಿನಲ್ಲೂ ಬಿಸಿ, ತಣ್ಣೀರು ಎರಡೂ ಸೇರುವ ಮಿಕ್ಸರ್ ಇರುತ್ತದೆ, ಅಲ್ವಾ? ಕುವೆಂಪುನಗರದ ಒಂದು ಮನೆಯಲ್ಲಿ ಟ್ಯೂಬ್ ಬದಲಿಸಿಯೂ ಆಗಿತ್ತು, ನೀರು ಮಾತ್ರ ಹಾಗೇ ಇತ್ತು. ಮೇಲಿನ ಬಚ್ಚಲಿಗೆ ಹೋಗಿ ನೋಡಿದರೆ ಹ್ಯಾಂಡ್ ಶವರ್ ಗೋಡೆಗೆ ನೇತುಹಾಕಿದ್ದರು. ಅದರ ತುದಿಯ ಗುಂಡಿ ಒತ್ತಿ ನೀರು ನಿಲ್ಲಿಸಿದ್ದರು, ಆದರೆ ಮಿಕ್ಸರಿನ ಎರಡು ತಿರುಗಣೆಗಳೂ ತೆರೆದೇ ಇದ್ದವು. ಹೊರಗೆ ಹೋಗಲು ದಾರಿ ಇಲ್ಲದೆ ತಣ್ಣೀರು ಮಿಕ್ಸರಿನೊಳಗೇ ಬಿಸಿನೀರಿನ ಲೈನಿಗೆ ನುಗ್ಗುತ್ತಿತ್ತು. ಕೆಳಗಡೆ ಅಜ್ಜಿ ಸ್ನಾನಕ್ಕೆ ಬಿಸಿನೀರು ಬಿಟ್ಟರೆ ಮೇಲಿನ ತಣ್ಣೀರು ಬಂದು ಬೆರೆಯುತ್ತಿತ್ತು. ಎರಡು ತಿರುಗಣೆ ಮುಚ್ಚಿದೆವು, ಕೆಳಗೆ ಹೊಗೆಯಾಡುವ ನೀರು ಬಂತು. ಆ ಮನೆಯವರು ಟ್ಯೂಬಿಗೆ ಸುಮ್ನೆ ಕೊಟ್ಟ ದುಡ್ಡು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮನೆಯಲ್ಲೂ ಹೀಗೇ ಆಗಿದೆಯಾ ಎಂದು ನೋಡುವುದು ಸುಲಭ. ಸೋಲಾರ್ ಟ್ಯಾಂಕಿನಿಂದ ಬಿಸಿನೀರು ಹೊರಡುವ ಕಡೆ ಇರುವ ಗೇಟ್ ವಾಲ್ವ್ ಬಂದ್ ಮಾಡಿ. ಕೆಳಗೆ ಬಂದು ಬಿಸಿನೀರಿನ ನಲ್ಲಿ ಮಾತ್ರ ತೆರೆಯಿರಿ. ಪೈಪಿನಲ್ಲಿ ಉಳಿದ ನೀರು ಸ್ವಲ್ಪ ಹೊತ್ತು ಬಂದು ನಿಲ್ಲಬೇಕು. ನಿಲ್ಲದೆ ಸುರಿಯುತ್ತಲೇ ಇದ್ದರೆ ಎಲ್ಲೋ ತಣ್ಣೀರು ಸೇರುತ್ತಿದೆ ಎಂದೇ ಅರ್ಥ. ಆಮೇಲೆ ಒಂದೊಂದೇ ಬಚ್ಚಲು, ಸಿಂಕ್, ವಾಶ್‌ಬೇಸಿನ್ನಿನ ಕೆಳಗಿನ ಆಂಗಲ್ ಕಾಕ್ (ಗೋಡೆಯ ಪೈಪಿನ ಬಾಯಿಗಿರುವ ಚಿಕ್ಕ ವಾಲ್ವ್) ಮುಚ್ಚುತ್ತಾ ಬನ್ನಿ. ಯಾವುದನ್ನು ಮುಚ್ಚಿದಾಗ ನೀರು ನಿಲ್ಲುತ್ತದೋ ಅದರ ಮಿಕ್ಸರಿನಲ್ಲೇ ತಪ್ಪಿದೆ. ಹ್ಯಾಂಡ್ ಶವರ್ ಇಲ್ಲದಿದ್ದರೂ ಮಿಕ್ಸರಿನೊಳಗೆ ನೀರು ಬಿಡುವ, ತಡೆಯುವ ಕಾರ್ಟ್ರಿಜ್ ಎಂಬ ಭಾಗ ಸವೆದರೆ ಇದೇ ಕಥೆ. ಕಾರ್ಟ್ರಿಜ್ ಒಂದನ್ನೇ ಬದಲಿಸಬಹುದು.

ಮನೆಗೆ ಪ್ರೆಶರ್ ಪಂಪ್ ಹಾಕಿಸಿದ್ದೀರಾ? ಹಾಗಿದ್ದರೆ ಇದನ್ನು ಇನ್ನೂ ಗಟ್ಟಿಯಾಗಿ ಅನುಮಾನಿಸಿ. ಪಂಪ್ ಸಾಮಾನ್ಯವಾಗಿ ತಣ್ಣೀರಿನ ಲೈನಿಗೆ ಮಾತ್ರ ಇರುತ್ತದೆ, ಅದರ ಒತ್ತಡದ ಮುಂದೆ ಬಿಸಿನೀರು ಸೋಲುತ್ತದೆ. ಪಂಪ್ ಓಡುವಾಗ ತಾರಸಿಯಲ್ಲಿ ಸೋಲಾರಿನ ಏರ್ ವೆಂಟ್ ಪೈಪಿನ (ಗಾಳಿ ಹೋಗಲು ಮೇಲಕ್ಕೆ ಬಿಟ್ಟಿರುವ ಪೈಪ್) ತುದಿಯಿಂದ ನೀರು ಉಕ್ಕುತ್ತಿದ್ದರೆ ಅದೇ ಸಾಕ್ಷಿ. ಬಿಸಿನೀರಿನ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ತಣ್ಣೀರು ಹಿಂದಕ್ಕೆ ಟ್ಯಾಂಕಿಗೆ ಏರುವುದು ನಿಲ್ಲುತ್ತದೆ. ಆದರೆ ಬಚ್ಚಲಿನೊಳಗೆ ಬೆರೆಯುವುದು ನಿಲ್ಲಬೇಕಾದರೆ ಮಿಕ್ಸರನ್ನೇ ಸರಿಮಾಡಬೇಕು.

ಬಿಸಿನೀರು ಬರುವುದೇ ಸಣ್ಣಗೆ, ಗುಳುಗುಳು ಸದ್ದು ಮಾಡುತ್ತಾ ಬರುತ್ತಿದ್ದರೆ ಅದು ಬೇರೆ ವಿಷಯ, ಲೈನಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮೇಲಿನ ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿ ತುಂಬಿದ ಮೇಲೆ ಹೀಗಾಗುವುದು ಜಾಸ್ತಿ. ಬೆಳಿಗ್ಗೆ ಬೇಗ, ನೀರು ಸುಡದ ಹೊತ್ತಿನಲ್ಲಿ, ಮಿಕ್ಸರಿನ ಎರಡೂ ಕಡೆ ತೆರೆದು ನೀರು ಬೀಳುವ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿಯಿರಿ. ತಣ್ಣೀರು ಹಿಂದಕ್ಕೆ ಹೋಗಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ.

ಇನ್ನು ತಾರಸಿಯಲ್ಲೇ ಪೈಪ್ ತಣ್ಣಗಿತ್ತು ಎಂದುಕೊಳ್ಳಿ. ಆಗ ಮೊದಲು ನೆರಳು ನೋಡಿ. ಮೈಸೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ 12 ಡಿಗ್ರಿ ಚಿಲ್ಲರೆ ಇದೆ. ಮೇ-ಜೂನ್‌ನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಒಂದಿಷ್ಟು ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್‌ನಲ್ಲಿ ಸುಮಾರು 35 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಪಕ್ಕದ ಸೈಟಿನಲ್ಲಿ ಹೊಸದಾಗಿ ಎರಡು ಮಹಡಿ ಎದ್ದಿದ್ದರೆ ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಬಿಸಿನೀರು ಬೇಕೇಬೇಕೆನ್ನುವ ಚಳಿಗಾಲದಲ್ಲೇ ನೆರಳು ಬಂದು ಟ್ಯೂಬಿನ ಮೇಲೆ ಕೂರುತ್ತದೆ. ಬೆಳಿಗ್ಗೆ 10, ಮಧ್ಯಾಹ್ನ 12, ಸಂಜೆ 3ಕ್ಕೆ ಒಂದೊಂದು ಫೋಟೋ ತೆಗೆದಿಡಿ. ತೆಂಗಿನ ಗರಿಯ ನೆರಳನ್ನೂ ಬಿಡಬೇಡಿ.

ನೆರಳಿಲ್ಲವೆಂದರೆ ಟ್ಯೂಬ್ ನೋಡಿ. ಒಳ್ಳೆಯ ಟ್ಯೂಬಿನ ಹೊರಗಾಜು ಸುಡುಬಿಸಿಲಿನಲ್ಲೂ ಕೈಗೆ ಅಷ್ಟೇನೂ ಬಿಸಿಯಾಗಿರುವುದಿಲ್ಲ. ಎರಡು ಗಾಜಿನ ನಡುವೆ ಗಾಳಿಯೇ ಇಲ್ಲದಂತೆ ಮಾಡಿರುವುದರಿಂದ ಬಿಸಿ ಹೊರಗೆ ಬರುವುದಿಲ್ಲ. ಸಾಲಿನಲ್ಲಿ ಯಾವುದಾದರೂ ಒಂದು ಮಾತ್ರ ಬಿಸಿಯಾಗಿದ್ದರೆ ಅದು ಹೋಗಿದೆ. ಇನ್ನೂ ಖಚಿತವಾಗಿ ಗೊತ್ತಾಗಬೇಕೆಂದರೆ ಬಗ್ಗಿ ಟ್ಯೂಬಿನ ಕೆಳತುದಿ ನೋಡಿ. ಸರಿಯಿರುವ ಟ್ಯೂಬಿನ ತುದಿ ಕನ್ನಡಿಯಂತೆ ಬೆಳ್ಳಗೆ ಹೊಳೆಯುತ್ತದೆ. ಒಳಗೆ ಗಾಳಿ ಹೊಕ್ಕಿದ್ದರೆ ಹೊಳಪು ಹೋಗಿ ಸುಣ್ಣ ಬಳಿದ ಹಾಗೆ ಮಬ್ಬು ಬಿಳಿಯಾಗಿರುತ್ತದೆ. ಆ ಮಬ್ಬು ತುದಿಯವು ಎಷ್ಟಿವೆ ಎಂದು ಎಣಿಸಿಕೊಳ್ಳಿ. ಬದಲಿಸಬೇಕಾದದ್ದು ಅಷ್ಟನ್ನೇ.

ಎಲ್ಲ ತುದಿಯೂ ಹೊಳೆಯುತ್ತಿವೆ, ಆದರೂ ನೀರು ಕಾಯುತ್ತಿಲ್ಲ ಎಂದರೆ ಟ್ಯೂಬಿನೊಳಗೆ ಕೆಸರು, ಸುಣ್ಣ ಕೂತಿರಬಹುದು. ಬೋರ್ ನೀರು ಬಳಸುವ ಮನೆಗಳಲ್ಲಿ ಇದು ಬೇಗ ಕಟ್ಟುತ್ತದೆ. ಕಾವೇರಿ ನೀರಿದ್ದರೆ ಇಷ್ಟು ಕಾಟ ಇಲ್ಲ. ಟ್ಯೂಬ್ ಬಿಚ್ಚಿ ತೊಳೆಸಿ, ಟ್ಯಾಂಕಿನ ಡ್ರೈನ್ ತೆಗೆದು ಒಮ್ಮೆ ಪೂರ್ತಿ ಖಾಲಿ ಮಾಡಿಸಿ.

ತೊಳೆಯುವುದೋ ಬದಲಿಸುವುದೋ, ಯಾವುದಿದ್ದರೂ ಕೆಲಸದವರನ್ನು ಬಿಸಿಲೇರುವ ಮೊದಲೇ ಬರಲು ಹೇಳಿ. ಟ್ಯಾಂಕಿನಲ್ಲಿ ಕರೆಂಟ್ ಕಾಯಿಲ್ ಇದ್ದರೆ ಅದರ ಸ್ವಿಚ್ ಆಫ್ ಮಾಡಿಸಿ. ಬಿಸಿಲಿನಲ್ಲಿ ಖಾಲಿ ಟ್ಯೂಬ್ ಕೆಂಡದಂತೆ ಕಾದಿರುತ್ತದೆ, ಆಗ ತಣ್ಣೀರು ಬಿಟ್ಟರೆ ಸರಿಯಿದ್ದ ಟ್ಯೂಬೂ ಫಟ್ಟೆಂದು ಒಡೆಯುತ್ತದೆ. ಮಧ್ಯಾಹ್ನ ಬರುತ್ತೇವೆ ಎಂದರೆ ಮರುದಿನ ಬೆಳಿಗ್ಗೆಯೇ ಬನ್ನಿ ಎಂದುಬಿಡಿ.